ಚರ್ಚೆಗೆಂದು ಕನಕಪುರಕ್ಕೆ ಹೋಗಿ ಶೀಲ್ಡು ತಂದದ್ದು

ಶುಕ್ರವಾರ ಬೆಳಿಗ್ಗೆ ಏಳೂವರೆಗೆ ಚನ್ನಪಟ್ಟಣದಿಂದ ಬಸ್ಸು ಹೊರಟಾಗ ನಾವು ಮೂವರಿದ್ದೆವು: ನಾನು, ನನ್ನ ಸಹಪಾಠಿ ನಸೀಮಾ, ಅವಳ ತಂದೆ ಬಾಷಾ ಚಾಚಾ. ಕನಕಪುರದಲ್ಲಿ ವಿಶ್ವವಿದ್ಯಾಲಯ ಮಟ್ಟದ ಚರ್ಚಾ ಸ್ಪರ್ಧೆಯಿತ್ತು. ನಮ್ಮನ್ನು ಕರೆದೊಯ್ಯಬೇಕಿದ್ದ ಮೇಡಂಗೆ ಜ್ವರ ಬಂದಿದ್ದರಿಂದ ಚಾಚಾ ಅಂಗಡಿಗೆ ಬೀಗ ಹಾಕಿ ನಮ್ಮ ಜೊತೆ ಬಂದಿದ್ದರು. ಹೆಂಗಸರಿಗೆ ಬಸ್ಸು ಉಚಿತವಾದ್ದರಿಂದ ಟಿಕೆಟ್ ಕೊಂಡವರು ಅವರೊಬ್ಬರೇ. "ನಿಮ್ ಬಸ್ಸು ಓಡ್ತಿರೋದೇ ನನ್ನಿಂದ ಕಣಪ್ಪ" ಎಂದು ಕಂಡಕ್ಟರನ್ನು ರೇಗಿಸಿದರು.

ಸ್ಪರ್ಧೆಯ ನಿಯಮ ಮಜವಾಗಿದೆ. ತಂಡಕ್ಕೆ ಇಬ್ಬರು; ಒಬ್ಬಳು ವಿಷಯದ ಪರ, ಇನ್ನೊಬ್ಬಳು ವಿರೋಧ. ವೇದಿಕೆಯ ಮೇಲೆ ಜಗಳವಾಡಬೇಕು, ಅಂಕ ಮಾತ್ರ ಇಬ್ಬರದೂ ಕೂಡಿಸುತ್ತಾರೆ. ಈ ಸಲದ ವಿಷಯ, ಊರು ಬಳಸಿ ಹೋಗುವ ಬೈಪಾಸ್ ಹೆದ್ದಾರಿಯಿಂದ ಊರಿಗೆ ಒಳಿತೇ ಆಗಿದೆ ಎಂಬುದು. ಚಾಚಾನ ಬೊಂಬೆ ಅಂಗಡಿ ಹಳೆಯ ಮೈಸೂರು ರಸ್ತೆಯ ಪಕ್ಕದಲ್ಲೇ ಇದೆ. ಬೈಪಾಸ್ ಆದ ಮೇಲೆ ಕಾರುಗಳು ಅತ್ತ ಹೋದವು, ಗಿರಾಕಿಗಳೂ ಅವುಗಳೊಳಗೇ ಕೂತು ಹೋದರು. ಹಾಗಾಗಿ ನಸೀಮಾ ವಿರೋಧ, ನಾನು ಪರ ಎಂದುಕೊಂಡು ಮೂರು ವಾರ ಅವರ ಅಂಗಡಿಯ ಹಿಂದೆ ಗಂಟಲು ಹರಿದುಕೊಂಡಿದ್ದೆವು. ನಮ್ಮ ಕಾಲೇಜಿಗೆ ಈ ಶೀಲ್ಡು ಒಮ್ಮೆಯೂ ಬಂದಿರಲಿಲ್ಲ. ತರುವವಳು ನಾನೇ ಎಂಬ ಜಂಬ ನನಗೆ ಆಗಲೇ ಇತ್ತು.

ಕಬ್ಬಾಳಮ್ಮನ ಗುಡಿಗೆ ಹೊರಟ ಭಕ್ತರಿಂದ ಬಸ್ಸು ಕಿಕ್ಕಿರಿದಿತ್ತು. ನಿಂತುಕೊಂಡೇ ಅಭ್ಯಾಸ ಮಾಡಿದೆವು. ಪಕ್ಕದ ಸೀಟಿನ ಅಜ್ಜಿ, "ಅದ್ಯಾಕ್ರವ್ವ ಹಂಗ್ ಕಿತ್ತಾಡ್ತೀರಿ? ಒಬ್ರಾದ್ರೂ ಒಸಿ ಸುಮ್ಕಿರಿ" ಎಂದರು. ಅವರೆಲ್ಲ ಸಾತನೂರಿನಲ್ಲಿ ಇಳಿದ ಮೇಲೆ ನಮಗೆ ಸೀಟು ಸಿಕ್ಕಿತು. ಸುಮಾರು ನಲವತ್ತು ಕಿಲೋಮೀಟರು ಮುಗಿಸಿ ಕನಕಪುರ ಮುಟ್ಟಿದಾಗ ಬಿಸಿಲೇರಿತ್ತು.

ಕಾಲೇಜಿನಲ್ಲಿ ಬಿಸಿಬೇಳೆ ಬಾತು ತಿಂದು ಕೈ ತೊಳೆಯುವಷ್ಟರಲ್ಲಿ, ಯಾರು ಯಾವ ಕಡೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುತ್ತೇವೆ ಎಂದರು ಸ್ಪರ್ಧೆ ನಡೆಸುವವರು. ನನಗೆ ವಿರೋಧ ಬಂತು, ನಸೀಮಾಳಿಗೆ ಪರ. ನನ್ನ ಜಂಬ ಜರ್ರನೆ ಇಳಿಯಿತು. ನೋಟ್‌ಬುಕ್ಕುಗಳನ್ನು ಅದಲುಬದಲು ಮಾಡಿಕೊಂಡೆವು, ಆದರೆ ಅವಳು ನನ್ನದನ್ನು ತೆರೆಯಲೇ ಇಲ್ಲ.

"ನಮ್ ಅಬ್ಬಾ ಎದುರ್ಗೇ ಕುಂತವ್ರೆ. ಬೈಪಾಸಿಂದ ಒಳ್ಳೇದಾಯ್ತು ಅಂತ ಹೆಂಗೇ ಹೇಳ್ಲಿ? ನಾ ಮಾತಾಡಕಿಲ್ಲ."

"ನೀ ಮಾತಾಡ್ದಿದ್ರೆ ನನ್ ಮಾರ್ಕೂ ಮಣ್ಣು ಕಣೇ" ಎಂದೆ.

ಚಾಚಾ ಎದ್ದು ಬಂದರು. ವಿಷಯ ಕೇಳಿ ಮಗಳ ತಲೆ ಸವರಿದರು. "ಮಾತಾಡು ಮಗಾ. ಸುಳ್ ಮಾತ್ರ ಹೇಳ್ಬೇಡ" ಎಂದು ಹೋಗಿ ಮೂರನೇ ಸಾಲಿನಲ್ಲಿ ಕೈ ಕಟ್ಟಿ ಕೂತರು.

ಮೊದಲು ನಾನು ಮಾತಾಡಿದೆ. ಅವಳು ಬರೆದಿಟ್ಟಿದ್ದ ಅವರ ಅಂಗಡಿಯ ಕಷ್ಟವನ್ನು ಚೆನ್ನಾಗಿಯೇ ಹೇಳಿದೆ, ಚಪ್ಪಾಳೆಯೂ ಬಿತ್ತು. ಆಮೇಲೆ ನಸೀಮಾ ಕೈಯಲ್ಲಿ ಒಂದು ಹಾಳೆಯೂ ಇಲ್ಲದೆ ನಿಂತಳು.

"ನಮ್ಮ ಅಂಗಡಿಗೆ ನಷ್ಟವಾಗಿದೆ, ನಿಜ. ಆದರೆ ನಾನು ಚಿಕ್ಕವಳಿದ್ದಾಗ ಅಬ್ಬಾ ದಿನಕ್ಕೆ ಎರಡು ಸಲ ಕೆಲಸ ಬಿಟ್ಟು ಬಂದು, ಕೈ ಹಿಡಿದು ಆ ರಸ್ತೆ ದಾಟಿಸುತ್ತಿದ್ದರು. ನನ್ನ ಜೊತೆಯವಳೊಬ್ಬಳು ಒಂದು ದಿನ ದಾಟಲು ಹೋದವಳು ಆಚೆ ಬದಿ ಮುಟ್ಟಲೇ ಇಲ್ಲ. ಇವತ್ತು ನನ್ನ ತಂಗಿ ಒಬ್ಬಳೇ ದಾಟಿ ಶಾಲೆಗೆ ಹೋಗುತ್ತಾಳೆ. ಅದಕ್ಕೆ ನಾನು ಬೆಲೆ ಕಟ್ಟಲಾರೆ."

ಚಾಚಾ ಟೋಪಿ ತೆಗೆದು ಕಣ್ಣೊರೆಸಿಕೊಂಡರು. ಅವಳಿಗೆ ವೈಯಕ್ತಿಕ ಪ್ರಥಮ ಬಹುಮಾನ, ನಮ್ಮಿಬ್ಬರಿಗೂ ಸೇರಿ ಶೀಲ್ಡು ಬಂತು. ನನಗೆ ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅದಕ್ಕಿಂತ ಹೆಮ್ಮೆಯೇ ಜಾಸ್ತಿಯಿತ್ತು.

ಸಂಜೆ ಐದರ ಬಸ್ಸಿನಲ್ಲಿ ಚಾಚಾ ಶೀಲ್ಡನ್ನು ತೊಡೆಯ ಮೇಲಿಟ್ಟುಕೊಂಡರು, ನಮಗೆ ಮುಟ್ಟಲೂ ಬಿಡಲಿಲ್ಲ. ಹಿಂದಿನ ಸೀಟಿನವರೊಬ್ಬರು ಬಗ್ಗಿ ನೋಡಿ, "ಮಗಳು ಗೆದ್ದಿದ್ದಾ ಸಾಬ್ರೇ? ಯಾರ್ನ ಸೋಲ್ಸುದ್ಲು?" ಎಂದು ಕೇಳಿದರು.

"ನನ್ನೇ ಕಣಪ್ಪ" ಎಂದರು ಚಾಚಾ, ಇಡೀ ಬಸ್ಸಿಗೆ ಕೇಳುವಂತೆ.