ಉಬ್ಬುತ್ತಲೇ ಇದ್ದ ನೆಲ

2003ರಲ್ಲಿ ನಾನು ಶಿವಮೊಗ್ಗದ ದುರ್ಗಿಗುಡಿಯಲ್ಲಿದ್ದ ಒಂದು ಕನ್ಸಲ್ಟಿಂಗ್ ಎಂಜಿನಿಯರ್ ಕಚೇರಿಯಲ್ಲಿ ಸಹಾಯಕಿಯಾಗಿದ್ದೆ. ಸಿವಿಲ್ ಪದವಿ ಮುಗಿಸಿ ಎರಡು ವರ್ಷವಾಗಿತ್ತು. ಹೊಸ ಕಟ್ಟಡಗಳನ್ನು ನಮ್ಮ ಸರ್ ನೋಡಿಕೊಳ್ಳುತ್ತಿದ್ದರು. ಬಿರುಕು, ಸೋರಿಕೆ ಎಂದು ಬಂದವರನ್ನು ನನ್ನ ಮೇಜಿಗೆ ಕಳಿಸುತ್ತಿದ್ದರು. ದುರಸ್ತಿ ಕೆಲಸದಲ್ಲಿ ಫೀಸು ಕಡಿಮೆ, ಕೇಳಿಸಿಕೊಳ್ಳುವುದು ಜಾಸ್ತಿ. ನಾನು ಹೆಚ್ಚು ಮಾತಾಡುವವಳಲ್ಲವಾದ್ದರಿಂದ ಅದು ನನ್ನ ಪಾಲಿಗೆ ಬಂದಿರಬೇಕು.

ಆ ವರ್ಷದ ಜೂನ್‌ನಲ್ಲಿ ಭದ್ರಾವತಿಯಿಂದ ರುದ್ರಪ್ಪ ಎಂಬವರು ಬಂದರು. ಅಲ್ಲಿನ ಉಕ್ಕಿನ ಕಾರ್ಖಾನೆಯ ರೋಲಿಂಗ್ ಮಿಲ್‌ನಲ್ಲಿ ದುಡಿದು ಸ್ವಯಂ ನಿವೃತ್ತಿ ತೆಗೆದುಕೊಂಡವರು. ಕುಳಿತವರೇ ಕಂಕುಳಲ್ಲಿದ್ದ ಪೇಪರಿನ ಸುರುಳಿ ಬಿಚ್ಚಿ ಮೂರು ಮರದ ಪಟ್ಟಿಗಳನ್ನು ನನ್ನ ಮೇಜಿನ ಮೇಲೆ ಸಾಲಾಗಿ ಇಟ್ಟರು.

"ನಮ್ಮ ಅಡುಗೆಮನೆ ಬಾಗಿಲು ಮೇಡಂ. ಮೂರು ಸಲ ಕೆಳಗಡೆ ಕೊಯ್ಸಿದೀನಿ. ತೆಗೆದ್ರೆ ನೆಲಕ್ಕೆ ಉಜ್ಜುತ್ತೆ, ಮುಚ್ಚಿದ್ರೆ ಕೆಳಗಿಂದ ಬೆಕ್ಕು ನುಗ್ಗುತ್ತೆ. ಇನ್ನೊಂದು ಸಲ ಕೊಯ್ಸಿದ್ರೆ ನಾನೂ ಅಲ್ಲಿಂದಲೇ ಓಡಾಡ್ತೀನಿ ಅಂತಾಳೆ ನಮ್ಮನೆಯವಳು."

ಪಟ್ಟಿಗಳನ್ನು ಒಂದರ ಮೇಲೊಂದಿಟ್ಟು ಸ್ಕೇಲಿನಿಂದ ಅಳೆದೆ. ಎರಡು ಇಂಚಿಗೆ ಸ್ವಲ್ಪ ಹೆಚ್ಚು. ಮನೆ ಕುಸಿಯುತ್ತಿದೆ ಎಂದು ಹೇಳಿಕೊಂಡು ಬರುವವರೇ ಬಹಳ. ಹೊಸ್ತಿಲು ಇದ್ದಲ್ಲೇ ಇದ್ದು, ಬಾಗಿಲು ತಿರುಗುವ ಕಡೆ ನೆಲ ಮೇಲೇಳುತ್ತಿರುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಅವರು ಬಂದಿದ್ದದ್ದು ಕಾರಣ ಕೇಳಲು ಅಲ್ಲ. ನೆಲವನ್ನು ಆಗಲೇ ಎರಡು ಸಲ ಒಡೆಸಿ ಹೊಸದಾಗಿ ಹಾಕಿಸಿದ್ದರು. ಈ ಸಲ ಗ್ರಾನೈಟ್ ಎಂದು ತೀರ್ಮಾನಿಸಿಬಿಟ್ಟಿದ್ದರು. ನಿವೃತ್ತಿಯ ಹಣದಲ್ಲಿ ಉಳಿದಿದ್ದ ತೊಂಬತ್ತು ಸಾವಿರವನ್ನು ಬ್ಯಾಂಕಿನಿಂದ ಬಿಡಿಸುವವರಿದ್ದರು.

"ಎಷ್ಟು ದಪ್ಪದ ಕಲ್ಲು ಅಂತ ಹೇಳಿ ಸಾಕು. ಭಾರ ಬಿದ್ರೆ ತಾನೇ ಕೂತ್ಕೊಳ್ಳುತ್ತೆ."

ನೋಡದೆ ಹೇಳಲಾರೆ ಎಂದೆ. ಅವರಿಗೆ ಅದು ಹಿಡಿಸಲಿಲ್ಲ, ಆದರೂ ವಿಳಾಸ ಬರೆಸಿದರು.

ಮನೆ ಇದ್ದದ್ದು ಓಲ್ಡ್ ಟೌನ್ ದಾಟಿ, ನಾಲೆಯ ಪಕ್ಕದ ಹೊಸ ಬಡಾವಣೆಯಲ್ಲಿ. ತಗ್ಗಿನ ಸೈಟು. ನೀರು ನುಗ್ಗಬಾರದೆಂದು ಪಾಯವನ್ನು ನಾಲ್ಕು ಅಡಿ ಎತ್ತರಿಸಿ ಕಟ್ಟಿದ್ದರು. ಗೇಟಿಗೆ ಹಸಿರು ಬಣ್ಣ ಹೊಸದಾಗಿ ಹೊಡೆದಿದ್ದರು. ಒಳಗೆ ಕಾಲಿಟ್ಟರೆ ನಡುಮನೆಯ ನೆಲ ಹೆಂಚಿನ ಮೇಲಿನ ಹೋಳಿಗೆಯಂತೆ ಮಧ್ಯಕ್ಕೆ ಉಬ್ಬಿತ್ತು. ಅಲ್ಲಿಂದ ನಾಲ್ಕೂ ಗೋಡೆಯ ಕಡೆಗೆ ಬಿರುಕುಗಳು ಹೋಗಿದ್ದವು. ಕುರ್ಚಿಯ ಕಾಲಿಗೆ ರಟ್ಟು ಮಡಚಿ ಕೊಟ್ಟು ನನ್ನನ್ನು ಕೂರಿಸಿದರು.

ರುದ್ರಪ್ಪನವರ ಪತ್ನಿ ಗಿರಿಜಮ್ಮ ಆಗಷ್ಟೇ ನೆಲ ತೊಳೆದಿದ್ದರು. ಬಿರುಕಿನ ಅಂಚುಗಳು ಇನ್ನೂ ಒದ್ದೆಯಾಗಿದ್ದವು. ದಿನವೂ ತೊಳೆಯುತ್ತೀರಾ ಎಂದು ಕೇಳಿದೆ.

"ದಿನಾ. ಸೋಮವಾರ ಎರಡು ಸಲ. ಮದುವೆಯಾದಾಗಿಂದ ಕ್ವಾರ್ಟರ್ಸಲ್ಲೇ ಇದ್ದದ್ದು ನಾವು. ನಲ್ಲಿ ಕೆಟ್ರೆ ಸಿವಿಲ್ ಆಫೀಸಿಗೆ ಹೇಳೋದು, ಸುಣ್ಣ ಬಳೀಬೇಕಾದ್ರೆ ಅವರೇ ಬರೋರು. ಅದು ಕಂಪನಿ ನೆಲ. ಇದು ನಂದು."

"ಅವಳ ಮೈ ತೊಳಿಯೋಕೆ ಒಂದು ಬಕೆಟ್, ನೆಲಕ್ಕೆ ಆರು" ಎಂದರು ರುದ್ರಪ್ಪ.

"ನೀವು ಎಣಿಸ್ತಾ ಕೂತಿರಿ. ಒಂದು ಬಕೆಟ್ ಎತ್ತಿಕೊಟ್ಟವರಲ್ಲ."

ಮನೆ ಕಟ್ಟಿದ ಮೇಸ್ತ್ರಿ ಆರ್ಮುಗಂ ಅವರನ್ನೂ ಕರೆಸಿದ್ದೆ. ನೀರು ತುಂಬಿದ ಪಾರದರ್ಶಕ ಟ್ಯೂಬ್ ಹಿಡಿದು ಇಬ್ಬರೂ ಮನೆಯ ಮಟ್ಟ ತೆಗೆದೆವು. ಹೊರಗೋಡೆಗಳ ಪಾಯ ಕುಸಿದಿರಲಿಲ್ಲ. ನೆಲ ಮಾತ್ರ ಎದ್ದಿತ್ತು. ಮೂಲೆಯಲ್ಲಿ ಒಂದು ಗುಂಡಿ ತೆಗೆಯಲು ಹೇಳಿದೆ. ಕಾಂಕ್ರೀಟಿನ ಪದರ ಒಡೆದಾಗ ಕೆಳಗೆ ಮಣ್ಣಿರಲಿಲ್ಲ. ಬೂದುಗಪ್ಪು ಬಣ್ಣದ, ತೂತುತೂತಾದ ಉಂಡೆಗಳು. ಅವುಗಳ ನಡುವೆ ಬಿಳಿ ಹಿಟ್ಟು.

"ಕಿಟ್ಟ" ಎಂದರು ರುದ್ರಪ್ಪ, ಹೆಮ್ಮೆಯಿಂದಲೇ. "ಮಣ್ಣಾದ್ರೆ ಕುಸಿಯುತ್ತೆ ಅಂತ ನಾನೇ ಹಟ ಹಿಡಿದು ತುಂಬಿಸಿದ್ದು. ಬೆಂಕೀಲಿ ಬೆಂದು ಬಂದ ಮಾಲು, ಇದಕ್ಕೆ ಇನ್ನೇನಾಗುತ್ತೆ?"

"ನಾನು ಗ್ರಾವೆಲ್ ಸಾಕು ಅಂದೆ ಮೇಡಂ. ನಿನಗೇನೋ ಗೊತ್ತು ಕುಲುಮೆ ವಿಷಯ ಅಂತ ಬೈದ್ರು ಯಜಮಾನ್ರು" ಎಂದರು ಆರ್ಮುಗಂ.

ಕಿಟ್ಟ, ಅಂದರೆ ಸ್ಲ್ಯಾಗ್, ಲೋಹ ಕರಗಿಸಿದಾಗ ಬೇರ್ಪಡುವ ಕಸರು. ಅದಿರಿನಿಂದ ಕಬ್ಬಿಣ ತೆಗೆಯುವಾಗ ಬರುವ ಕಿಟ್ಟ ಸಾಮಾನ್ಯವಾಗಿ ತೆಪ್ಪಗಿರುತ್ತದೆ, ರಸ್ತೆಗೂ ಹಾಕುತ್ತಾರೆ. ಕಬ್ಬಿಣವನ್ನು ಉಕ್ಕು ಮಾಡುವಾಗ ಬರುವುದು ಹಾಗಲ್ಲ. ಅದರೊಳಗೆ ಕರಗದೆ ಉಳಿದ ಸುಣ್ಣ ಇರುತ್ತದೆ. ನೀರು ತಾಗಿದರೆ ಅದು ವರ್ಷಗಟ್ಟಲೆ ನಿಧಾನವಾಗಿ ಉಬ್ಬುತ್ತದೆ. ಲಾರಿಯಲ್ಲಿ ತಂದು ಸುರಿದಾಗ ಎರಡೂ ಒಂದೇ ತರ ಕಾಣುತ್ತವೆ. ರುದ್ರಪ್ಪನವರಿಗೆ ಗೊತ್ತಿದ್ದದ್ದು ಕಾಯಿಸಿದ ಉಕ್ಕನ್ನು ಉರುಳೆಗಳ ನಡುವೆ ಒತ್ತಿ ಕಂಬಿ ಮಾಡುವ ಕೆಲಸ. ಒತ್ತಿದರೆ ಬಗ್ಗುತ್ತದೆ ಎಂಬ ನಂಬಿಕೆ ಅವರಿಗೆ ಅಲ್ಲಿಂದ ಬಂದಿತ್ತು.

ಕೆಲವು ಉಂಡೆಗಳನ್ನು ಕಚೇರಿಗೆ ತಂದು ಬಿಸಿನೀರಿನಲ್ಲಿ ಹಾಕಿಟ್ಟೆ. ಒಂದು ವಾರದೊಳಗೆ ಹಲವು ಸೀಳಿ ಪುಡಿಯಾದವು. ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯದಲ್ಲೂ ಅದೇ ಫಲಿತಾಂಶ ಬಂತು. ನಾನು ಎಸ್ಟಿಮೇಟ್ ಹಾಕಿದೆ. ಒಳಗೋಡೆಗಳು ಆ ಕಿಟ್ಟದ ಮೇಲೆಯೇ ನಿಂತಿದ್ದವು. ಅವನ್ನು ಕೆಡವಿ, ತುಂಬಿದ್ದನ್ನೆಲ್ಲ ಬುಟ್ಟಿಯಲ್ಲಿ ಹೊತ್ತು ಹಾಕಿ, ಗ್ರಾವೆಲ್ ತುಂಬಿಸಿ, ಮತ್ತೆ ಗೋಡೆ, ನೆಲ, ಬಾಗಿಲು, ವೈರಿಂಗ್. ಮೂರೂವರೆ ಲಕ್ಷಕ್ಕೆ ಕಟ್ಟಿದ್ದ ಮನೆಗೆ ಎರಡು ಲಕ್ಷ ಮೀರಿತು. ಸರ್ ಒಂದೊಂದೇ ಸಾಲಿನ ಮೇಲೆ ಪೆನ್ಸಿಲ್ ಓಡಿಸಿದರು. ಎಲ್ಲೂ ಏನೂ ಕಡಿಮೆ ಮಾಡಲಾಗಲಿಲ್ಲ.

"ಹೋಗಿ ಹೇಳಮ್ಮ" ಎಂದರು. "ಫೋನಲ್ಲಿ ಬೇಡ."

ನಾನು ಹೋದೆ. ಆರ್ಮುಗಂ ಕೂಡ ಬಂದಿದ್ದರು. ವಿವರಿಸುವುದು ಕಷ್ಟವಾಗಲಿಲ್ಲ. ಪುಡಿಯಾದ ಉಂಡೆಯನ್ನು ಕೈಗೆ ತೆಗೆದುಕೊಂಡ ಗಿರಿಜಮ್ಮ, ನಾನು ಎರಡು ವಾಕ್ಯ ಮುಗಿಸುವ ಮೊದಲೇ, "ಸುಣ್ಣದ ಕಲ್ಲಿಗೆ ನೀರು ಹಾಕಿದ್ರೆ ಅರಳುತ್ತಲ್ಲ, ಹಾಗೆ" ಎಂದರು. ಪುಡಿಯನ್ನು ಕೈಯಿಂದ ಕೊಡವಿ ಅವರೇ ಕೇಳಿದರು. "ಹಾಗಾದ್ರೆ ನಾನು ದಿನಾ ತೊಳೀತಿದ್ದದ್ದು?"

"ಅದೂ ಸ್ವಲ್ಪ. ನಾಲೆಯ ತೇವವೇ ಹೆಚ್ಚು."

ರುದ್ರಪ್ಪ ನನ್ನನ್ನು ನೋಡುತ್ತಿರಲಿಲ್ಲ. "ಎರಡು ಸಲ ಹೊಸ ನೆಲ ಹಾಕ್ಸಿ ಮಡಿ ಕಟ್ಟಿ ನೀರು ನಿಲ್ಸಿದ್ವಲ್ಲ ಆರ್ಮುಗಂ" ಎಂದರು.

ಹೊಸ ಕಾಂಕ್ರೀಟು ಗಟ್ಟಿಯಾಗಲು ಅದರ ಮೇಲೆ ದಿನಗಟ್ಟಲೆ ನೀರು ನಿಲ್ಲಿಸುತ್ತಾರೆ. ಅದಕ್ಕೆ ಕ್ಯೂರಿಂಗ್ ಎನ್ನುತ್ತೇವೆ. ಅಂದರೆ ಪ್ರತಿ ದುರಸ್ತಿಯೂ ಮುಂದಿನ ದುರಸ್ತಿಗೆ ನೀರು ಕೊಟ್ಟಿತ್ತು. ಗ್ರಾನೈಟ್ ಹಾಕಿದರೂ ಹಾಗೆಯೇ ಆಗುತ್ತಿತ್ತು. ಆ ಒತ್ತಡದ ಮುಂದೆ ಚಪ್ಪಡಿಯ ಭಾರ ಯಾವ ಲೆಕ್ಕಕ್ಕೂ ಇಲ್ಲ. ತೊಂಬತ್ತು ಸಾವಿರ ಬ್ಯಾಂಕಿನಲ್ಲೇ ಇರಲಿ ಎಂದೆ.

ಆರ್ಮುಗಂ ಗಂಟಲು ಸರಿಮಾಡಿಕೊಂಡರು. "ಯಜಮಾನ್ರೇ, ಒಂದು ಮಾತು. ಮೇಲೆ ತೆಳುವಾಗಿ ಟೈಲ್ಸ್ ಹಾಕಿ ಬೇಸಿಗೇಲಿ ಮಾರಿಬಿಡಿ. ಯಾರಿಗೆ ಗೊತ್ತಾಗುತ್ತೆ?"

"ಯಾರು ತಗೋತಾರೋ ಇಲ್ಲಿ? ನನ್ನ ಹಾಗೇ ಕಾರ್ಖಾನೆಗೆ ಕಾರ್ಡು ಒಪ್ಪಿಸಿ ಬಂದವನು ತಗೋತಾನೆ. ಮಾರ್ಕೆಟ್ಟಲ್ಲಿ ಅವನ ಎದುರಿಗೆ ಸಿಕ್ಕಿದ್ರೆ ಮುಖ ಎಲ್ಲಿ ಇಟ್ಕೊಳ್ಳಲಿ?"

ಅಲ್ಲಿಗೆ ಆ ದಾರಿಯೂ ಮುಚ್ಚಿತು. ಉಳಿದದ್ದು ನೀರನ್ನು ದೂರ ಇಡುವುದು ಒಂದೇ. ಬಚ್ಚಲ ಪೈಪನ್ನು ಮನೆಯಿಂದಾಚೆ ಒಯ್ಯಿರಿ, ಸುತ್ತ ಇಳಿಜಾರಾಗಿ ಕಲ್ಲು ಹಾಸಿ, ಬಿರುಕುಗಳಿಗೆ ಡಾಂಬರು ತುಂಬಿ, ನೆಲ ತೊಳೆಯಬೇಡಿ, ಒರೆಸಿ ಸಾಕು ಎಂದು ಬರೆದುಕೊಟ್ಟೆ. ಖರ್ಚು ಹನ್ನೊಂದು ಸಾವಿರದೊಳಗೆ. ಇದರಿಂದ ನಿಲ್ಲುತ್ತದಾ ಎಂದು ರುದ್ರಪ್ಪ ಕೇಳಿದರು. ನಿಧಾನವಾಗಬಹುದು ಎಂದೆ. ಎಷ್ಟು ವರ್ಷ ಎಂದರು. ಗೊತ್ತಿಲ್ಲ ಎಂದೆ. ಅದು ನಿಜವಾಗಿತ್ತು.

ಅವರು ಗ್ರಾನೈಟ್ ಹಾಕಿಸಲಿಲ್ಲ. ನಾನು ಬರೆದದ್ದನ್ನೆಲ್ಲ ಚಾಚೂತಪ್ಪದೆ ಮಾಡಿದರು.

ಮರುವರ್ಷ ಇನ್ನೊಂದು ಕೆಲಸಕ್ಕೆಂದು ಭದ್ರಾವತಿಗೆ ಹೋದಾಗ ಅವರ ಮನೆಗೂ ಹೋದೆ. ಹೊರಗಡೆ ಪಾಯದ ಗೋಡೆ ನಾಲೆಯ ಬದಿಗೆ ಉಬ್ಬಿ, ಉದ್ದಕ್ಕೂ ಬೆರಳು ತೂರುವಷ್ಟು ಬಿರುಕು ಬಿಟ್ಟಿತ್ತು. ಮೇಲೆದ್ದದ್ದು ಸಾಲದೆಂಬಂತೆ ಕಿಟ್ಟ ಈಗ ಪಕ್ಕಕ್ಕೂ ತಳ್ಳುತ್ತಿತ್ತು. ಅಡುಗೆಮನೆಯ ಬಾಗಿಲನ್ನು ಕಳಚಿ ಗೋಡೆಗೆ ಒರಗಿಸಿ, ಆ ಜಾಗಕ್ಕೆ ಹಳೆಯ ಸೀರೆಯೊಂದನ್ನು ಇಳಿಬಿಟ್ಟಿದ್ದರು. ನಡುಮನೆಯಲ್ಲಿ ಯಾರೂ ಓಡಾಡುತ್ತಿರಲಿಲ್ಲ. ಇಬ್ಬರೂ ಹಿಂದಿನ ಕೋಣೆಗೆ ಬಂದಿದ್ದರು. ರುದ್ರಪ್ಪ ಕ್ವಾರ್ಟರ್ಸ್ ಕಡೆ ಬಾಡಿಗೆಗೆ ಯಾವುದಾದರೂ ಮನೆ ಸಿಗುತ್ತದೇನೋ ವಿಚಾರಿಸಲು ಹೋಗಿದ್ದಾರೆಂದು ಗಿರಿಜಮ್ಮ ಹೇಳಿದರು.

ಈಗ ನನ್ನಲ್ಲಿಗೆ ಮೊದಲ ಮನೆ ಕಟ್ಟಿಸಿದವರು ಬಂದು ದುರಸ್ತಿಗೆ ಎಷ್ಟಾಗುತ್ತದೆ ಎಂದು ಕೇಳಿದರೆ, ಪಾಯಕ್ಕೆ ಏನು ತುಂಬಿದ್ದೀರಿ ಎಂದು ಮೊದಲು ವಿಚಾರಿಸುತ್ತೇನೆ. ಕಾರಣ ತಿಳಿಯದೆ ಮಾಡಿಸುವ ದುರಸ್ತಿ ಏನೂ ಮಾಡದಿರುವುದಕ್ಕಿಂತ ಕೆಟ್ಟದ್ದು. ಇದನ್ನು ಆ ಮನೆಯಿಂದ ಕಲಿತೆ. ಇನ್ನೊಂದನ್ನೂ ಕಲಿತೆ. ಕಾರಣ ತಿಳಿದ ಮಾತ್ರಕ್ಕೆ ಮನೆ ಉಳಿಯುವುದಿಲ್ಲ. ನಾವು ವರದಿ ಕೊಟ್ಟು ಬಸ್ಸು ಹತ್ತುತ್ತೇವೆ. ಅವರು ಅದರೊಳಗೇ ಮಲಗಬೇಕು.

ಅಂದು ನಾನು ಹೊರಡುವಾಗ ಗಿರಿಜಮ್ಮ ನೆಲ ಒರೆಸುವವರಿದ್ದರು. ಬಟ್ಟೆಯನ್ನು ಬಕೆಟ್ಟಿನಲ್ಲಿ ಅದ್ದಿ, ಗೇಟಿನಾಚೆ ಹೋಗಿ, ರಸ್ತೆಯ ಬದಿಯಲ್ಲಿ ನಿಂತು ಹಿಂಡಿದರು. ಮತ್ತೆ ಮಡಚಿ ಹಿಂಡಿದರು. ಹನಿ ಬೀಳುವುದು ನಿಂತ ಮೇಲೂ ಹಿಂಡಿದರು. ಆಮೇಲೆ ಮೆಟ್ಟಿಲ ಬಳಿ ಬಂದು ಅದನ್ನು ನನ್ನ ಮುಂದೆ ಹಿಡಿದರು.

"ಇಷ್ಟು ತೇವ ಇರಬಹುದಾ ಮೇಡಂ?"

ಮುಟ್ಟಿ ನೋಡಿದೆ. ಹೆಚ್ಚುಕಡಿಮೆ ಒಣಗಿದ ಬಟ್ಟೆ. ಅವರ ಹಿಂದೆ, ರಸ್ತೆಯಾಚೆ, ನಾಲೆ ತುಂಬಿ ಹರಿಯುತ್ತಿತ್ತು.

"ಇರಬಹುದು" ಎಂದೆ.