ವಿಲ್‌ಫ್ರೆಡ್ ಆರಿಸಿದ ರೈಫಲ್

ವಿಲ್‌ಫ್ರೆಡ್ ಮಸ್ಕರೇನ್ಹಸ್ ಲಂಡನ್ನಿನ ಪಾರ್ಕ್ ರಾಯಲ್‌ನ ಒಂದು ಬಿಸ್ಕತ್ತು ಕಾರ್ಖಾನೆಯಲ್ಲಿ ಶಿಫ್ಟ್ ಸೂಪರ್‌ವೈಸರ್. ಮೂಡುಬಿದಿರೆ ಕಡೆಯವನು. ಕಾಲೇಜಿನಲ್ಲಿ ಎನ್‌ಸಿಸಿ ಸೇರಿದ್ದಾಗ ಒಂದೇ ಒಂದು ಸಲ ತ್ರೀ ನಾಟ್ ತ್ರೀ ರೈಫಲ್ ಹಿಡಿದು ಐದು ಗುಂಡು ಹಾರಿಸಿದ್ದ. ಐದೂ ನಡುವಿನ ಕಪ್ಪು ವೃತ್ತದೊಳಗೆ ಬಿದ್ದಿದ್ದವು. ಆ ಕಥೆ ಹೆಂಡತಿ ಟ್ರೀಸಾಳಿಗೂ ಮಕ್ಕಳಿಗೂ ಕಾರ್ಖಾನೆಯ ಕ್ಯಾಂಟೀನಿನವರಿಗೂ ಬಾಯಿಪಾಠವಾಗಿತ್ತು.

ಅದನ್ನು ಕಿವಿಗೊಟ್ಟು ಕೇಳಿದವರು ಶೇಖರಪ್ಪ ಒಬ್ಬರೇ. ರಾಣೆಬೆನ್ನೂರಿನವರು. ಭಾರತದ ಸೇನೆಯಲ್ಲಿ ಹತ್ತು ವರ್ಷ ಬಂದೂಕು ರಿಪೇರಿ ಮಾಡಿ, ಆಮೇಲೆ ಲಂಡನ್ನಿಗೆ ಬಂದು, ಬಸ್ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾಗಿದ್ದರು. ಹೆಂಡತಿ ತೀರಿಕೊಂಡ ಮೇಲೆ ಅಕ್ಸ್‌ಬ್ರಿಡ್ಜ್‌ನ ಫ್ಲ್ಯಾಟಿನಲ್ಲಿ ಒಬ್ಬರೇ ಇದ್ದರು. 1996ರ ಯುಗಾದಿ ಊಟದಲ್ಲಿ ಪಕ್ಕದಲ್ಲಿ ಕೂತಿದ್ದವರು ಕಥೆ ಮುಗಿಯುತ್ತಲೇ, "ಮತ್ತ ಹಾರಸಬೇಕು ಅನಸೂದಿಲ್ಲೇನ್ರಿ? ನಮ್ಮ ಶೂಟಿಂಗ್ ಕ್ಲಬ್ಬಿಗೆ ಬರ್ರಿ" ಎಂದರು.

ವಿಲ್‌ಫ್ರೆಡ್ ಹೋದ. ತಿಂಗಳುಗಟ್ಟಲೆ ಕ್ಲಬ್ಬಿನ ರೈಫಲ್‌ಗಳಲ್ಲಿ ಕಲಿತ. ಲೈಸೆನ್ಸಿಗೆ ಅರ್ಜಿ ಹಾಕಿದ ಮೇಲೆ ಪೊಲೀಸರು ಮನೆಗೆ ಬಂದು, ಗೋಡೆಗೆ ಬೋಲ್ಟು ಹಾಕಿ ಕೂರಿಸಿದ ಉಕ್ಕಿನ ಕಪಾಟನ್ನು ಅಲ್ಲಾಡಿಸಿ ನೋಡಿ ಹೋದರು.

"ಮನೆಯೊಳಗೆ ಪೊಲೀಸು, ಮೆಟ್ಟಿಲಿನ ಅಡಿಯಲ್ಲಿ ಕೋವಿ! ಪಾದ್ರಿಗಳು ಬಂದರೆ ನಾನು ಎಂತ ಹೇಳುದು?" ಎಂದು ಟ್ರೀಸಾ ಗೊಣಗಿದಳು. ಆದರೂ ತಡೆಯಲಿಲ್ಲ.

1998ರ ಏಪ್ರಿಲ್‌ನಲ್ಲಿ ವಿಲ್‌ಫ್ರೆಡ್ ಶೇಖರಪ್ಪನವರ ಜೊತೆ ರೈಫಲ್ ಕೊಳ್ಳಲು ಹೋದ. ಅಂಗಡಿಯವನು ಸೇನೆ ವಿಲೇವಾರಿ ಮಾಡಿದ ಎರಡು ಹಳೆಯ ರೈಫಲ್‌ಗಳನ್ನು ಮೇಜಿನ ಮೇಲಿಟ್ಟ. ಒಂದರ ಮರ ಗೀರುಬಿದ್ದು ಕಪ್ಪಾಗಿತ್ತು, ಮುಂಭಾಗಕ್ಕೆ ಬೇರೆ ಬಣ್ಣದ ತುಂಡು ಜೋಡಿಸಿದ್ದರು. ಇನ್ನೊಂದರದು ಜೇನುಬಣ್ಣದ ವಾಲ್ನಟ್ ಮರ. 1942ರ ಮುದ್ರೆ, ಎಲ್ಲ ಭಾಗಗಳ ಮೇಲೂ ಒಂದೇ ನಂಬರು. ವಿಲ್‌ಫ್ರೆಡ್‌ನ ಕೈ ಆಗಲೇ ಅದರ ಮೇಲಿತ್ತು.

ಶೇಖರಪ್ಪ ಅಂಗಡಿಯವನಿಂದ ಮದ್ದಿಲ್ಲದ ಒಂದು ತೋಟಾ ಕೇಳಿ ಪಡೆದು, ಅದರ ಮೂತಿಯನ್ನು ನಳಿಗೆಗಳ ಬಾಯಿಗೆ ಇಟ್ಟು ನೋಡಿದರು. ಕಪ್ಪು ರೈಫಲ್‌ನಲ್ಲಿ ಗುಂಡು ಅರ್ಧಕ್ಕೇ ನಿಂತಿತು. ಚೆಂದದ್ದರಲ್ಲಿ ಹಿತ್ತಾಳೆಯವರೆಗೂ ಒಳಗೆ ಹೋಯಿತು.

"ಇದು ಬ್ಯಾಡ್ರಿ. ತಿಕ್ಕೂವಾಗ ಹಗ್ಗ ಓರೆ ಜಗ್ಗಿ ಜಗ್ಗಿ ಬಾಯಿ ಸವದೈತಿ. ಆ ಕರೇದು ತಗೋರಿ."

"ಒಳಗೆ ನೋಡಿ, ಹೇಗೆ ಮಿಂಚ್ತಾ ಉಂಟು!"

"ಮಿಂಚೂದು ಖರೆ. ಆದ್ರ ಗುಂಡು ನೆಟ್ಟಗ ಹೋಗೂದಿಲ್ರಿ."

ಅಂಗಡಿಯವನು ಇಬ್ಬರನ್ನೂ ನೋಡಿ ನಸುನಕ್ಕ. ಸಣ್ಣ ಹುಡುಗನ ಕೈಯಿಂದ ಆಟಿಕೆ ಕಿತ್ತುಕೊಂಡ ಹಾಗಾಯಿತು ವಿಲ್‌ಫ್ರೆಡ್‌ಗೆ. ಚೆಂದದ್ದನ್ನೇ ಕೊಂಡ.

ತಿಂಗಳಿಗೆರಡು ಭಾನುವಾರ ಬಿಸ್ಲಿಯ ಶೂಟಿಂಗ್ ಮೈದಾನ. ಕಣ್ಣಿನ ಪೊರೆ ಬಲಿತು ಶೇಖರಪ್ಪ ಕಾರು ಓಡಿಸುವುದು ಬಿಟ್ಟಿದ್ದರಿಂದ ವಿಲ್‌ಫ್ರೆಡ್ ಅವರನ್ನು ಮನೆಯಿಂದ ಹತ್ತಿಸಿಕೊಂಡು ಹೋಗುತ್ತಿದ್ದ. ಇನ್ನೂರು ಗಜದಲ್ಲಿ, ಆ ಕಣ್ಣಿನಲ್ಲೂ, ಅವರ ಗುಂಡುಗಳು ಒಂದು ಸಾಸರಿನ ಅಗಲದೊಳಗೆ ಬೀಳುತ್ತಿದ್ದವು. ವಿಲ್‌ಫ್ರೆಡ್‌ನವು ಚೆಲ್ಲಿದ ಕಡಲೆಯ ಹಾಗೆ ಎಲ್ಲೆಂದರಲ್ಲಿ. ಅವನು ತೋಟಾ ಬದಲಾಯಿಸಿದ, ರೈಫಲ್‌ನ ಹೆಗಲಪಟ್ಟಿ ಬದಲಾಯಿಸಿದ, ಗಾಳಿಯನ್ನು ಬೈದ. ಶೇಖರಪ್ಪ ತಮ್ಮ ರೈಫಲ್ ಒರೆಸುತ್ತ ಕೂತಿರುತ್ತಿದ್ದರು.

ಅಕ್ಟೋಬರಿನ ಕ್ಲಬ್ ಸ್ಪರ್ಧೆಯಲ್ಲಿ ವಿಲ್‌ಫ್ರೆಡ್ ಕಟ್ಟಕಡೆಯವನಾದ. ಶೇಖರಪ್ಪ ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟರು. "ನಿಮ್ಮ ಕೈಯದು ತಪ್ಪಲ್ರಿ. ಬ್ಯಾರಲ್ ಬದಲಿ ಮಾಡಸೂಣು."

ಸಮಾಧಾನಕ್ಕೆಂದೇ ಆಡಿದ ಮಾತು. ವಿಲ್‌ಫ್ರೆಡ್ ಆ ಕೈಯನ್ನು ಕೊಡವಿದ. "ಬಸ್ಸಿನ ನಟ್ಟು ಬಿಗಿ ಮಾಡಿದವರು ನೀವು. ನನಗೆ ಕೋವಿಯ ಪಾಠ ಬೇಡ. ಸಾಕು!"

ಸುತ್ತಲಿದ್ದವರಿಗೆ ಕನ್ನಡ ಬಾರದು. ಆದರೂ ಎಲ್ಲರೂ ತಿರುಗಿ ನೋಡಿದರು. ವಿಲ್‌ಫ್ರೆಡ್ ಅವರನ್ನು ಮನೆ ಮುಂದೆ ಇಳಿಸಿ ಹೊರಟುಬಿಟ್ಟ.

ಮುಂದಿನ ವಾರ ಶೇಖರಪ್ಪನವರ ಫೋನ್ ಬಂತು. ವಿಲ್‌ಫ್ರೆಡ್ ಕೈಸನ್ನೆ ಮಾಡುತ್ತ, "ಇಲ್ಲ ಅಂತ ಹೇಳು" ಎಂದ. ಟ್ರೀಸಾ "ಅವರು ಶಿಫ್ಟಿನಲ್ಲಿದ್ದಾರೆ" ಎಂದಳು. ಇನ್ನೂ ಎರಡು ಸಲ ಹೀಗೇ ಆಯಿತು.

"ಆ ಮನುಷ್ಯ ನಿಮಗೆ ಎಂತ ಮಾಡಿದ್ದಾರೆ?" ಎಂದು ಟ್ರೀಸಾ ಕೇಳಿದಾಗ ಅವನು ಟಿವಿಯ ದನಿ ಏರಿಸಿದ. ಆಮೇಲೆ ಫೋನ್ ಬರಲಿಲ್ಲ. ಬಿಸ್ಲಿಯಲ್ಲೂ ಶೇಖರಪ್ಪ ಕಾಣಲಿಲ್ಲ. ಬೇರೆ ಯಾರ ಜೊತೆಯೋ ಬೇರೆ ದಿನ ಬರುತ್ತಿರಬಹುದು ಎಂದುಕೊಂಡ. ವರ್ಷಗಳು ಹೋದವು.

2005ರಲ್ಲಿ ತೋಟಾ ತುಂಬುವ ಬೋಲ್ಟು ಬಿಗಿಯಾಯಿತೆಂದು ವಿಲ್‌ಫ್ರೆಡ್ ರೈಫಲನ್ನು ಒಬ್ಬ ರಿಪೇರಿಯವನ ಬಳಿ ಒಯ್ದ. ಆತ ಒಂದು ತೋಟಾ ತೆಗೆದು ನಳಿಗೆಯ ಬಾಯಿಗೆ ಇಟ್ಟ. ಹಿತ್ತಾಳೆಯವರೆಗೂ ಹೋಯಿತು. "ಯಾರೂ ನಿಮಗೆ ಹೇಳಲಿಲ್ಲವೇ?" ಎಂದ.

ವಿಲ್‌ಫ್ರೆಡ್ ರೈಫಲ್ ಅಲ್ಲೇ ಬಿಟ್ಟು ನೇರ ಅಕ್ಸ್‌ಬ್ರಿಡ್ಜ್‌ಗೆ ಹೋದ. ಬಾಗಿಲು ತೆರೆದ ಶೇಖರಪ್ಪ ದಪ್ಪ ಕನ್ನಡಕದೊಳಗಿಂದ ಸ್ವಲ್ಪ ಹೊತ್ತು ನೋಡಿ ಗುರುತು ಹಿಡಿದರು. "ಓಹೋ, ಬರ್ರಿ, ಒಳಗ ಬರ್ರಿ." ಚಹಾ ಕೊಟ್ಟರು. ಬ್ಯಾರಲ್ಲಿನ ಸುದ್ದಿ ಕೇಳಿ ಬರೀ ತಲೆಯಾಡಿಸಿದರು.

"ನೀವು ಈಗಲೂ ಬಿಸ್ಲಿಗೆ ಹೋಗ್ತೀರಾ?"

"ಎಲ್ಲಿದ್ರಿ. ಬಂದೂಕ ಮಾರಿ ಆರು ವರ್ಷ ಆತು. ಅದನ್ನ ಹಿಡಕೊಂಡು ಟ್ರೇನ್ ಹತ್ತಾಕ ಮನಸಾಗಲಿಲ್ಲ."

"ನನಗೆ ಹೇಳಬಹುದಿತ್ತಲ್ಲ?"

"ಫೋನ್ ಮಾಡಿದ್ನಲ್ರಿ, ಮೂರು ಸಲ. ನಿಮಗ ಡ್ಯೂಟಿ ಭಾಳ ಇತ್ತು."

ಆ ಮುಖದಲ್ಲಿ ಕೊಂಕು ಇತ್ತೋ ಇಲ್ಲವೋ ವಿಲ್‌ಫ್ರೆಡ್‌ಗೆ ತಿಳಿಯಲಿಲ್ಲ. ಇನ್ನು ಮುಂದೆ ತಾನೇ ಕರೆದುಕೊಂಡು ಹೋಗುತ್ತೇನೆ ಎಂದ. ಬಲಗಣ್ಣಿನಲ್ಲಿ ಈಗ ಗುರಿಯ ಹಲಗೆಯೇ ಕಾಣುವುದಿಲ್ಲ ಎಂದರು ಶೇಖರಪ್ಪ.

ಹೊಸ ಬ್ಯಾರಲ್ ಬಂತು. ಮೊದಲ ಭಾನುವಾರವೇ ಹತ್ತು ಗುಂಡು ಒತ್ತಾಗಿ ಬಿದ್ದವು. ಆ ಗುರಿಯ ಕಾಗದವನ್ನು ಯಾರಿಗೆ ತೋರಿಸುವುದು ಎಂದು ತೋಚದೆ ಮಡಿಸಿ ಜೇಬಿಗಿಟ್ಟುಕೊಂಡ.

ಮರುವರ್ಷ ಶೇಖರಪ್ಪ ಲೆಸ್ಟರ್‌ನಲ್ಲಿದ್ದ ಮಗಳ ಮನೆಗೆ ಹೊರಟರು. ಪೆಟ್ಟಿಗೆಗಳನ್ನು ತುಂಬಿಕೊಂಡು ವಿಲ್‌ಫ್ರೆಡ್ ಕಾರು ಓಡಿಸಿದ. ದಾರಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ, ತಲೆ ತಗ್ಗಿಸಿಕೊಂಡೇ ಹೇಳಿದ: "ಅವತ್ತು ನಾನು ಹಾಗೆ ಹೇಳಬಾರದಿತ್ತು, ಶೇಖರಪ್ಪನವರೇ. ತಪ್ಪಾಯಿತು."

ಶೇಖರಪ್ಪ ಚಹಾದ ಲೋಟ ಕೆಳಗಿಟ್ಟರು. "ಏನೂ ಆಗಿಲ್ಲ ಅಂದ್ರ ಸುಳ್ಳಾಗತೈತಿ" ಎಂದರು. "ಮನಸಿಗೆ ಭಾಳ ಹತ್ತಿತ್ತು. ಬ್ಯಾರಲ್ಲಿನ ಮಾತಲ್ಲ, ಫೋನಿನ ಮಾತು. ನಿಮ್ಮ ದನಿ ಹಿಂದ ಕೇಳಸತಿತ್ತು ನಂಗ."

ವಿಲ್‌ಫ್ರೆಡ್ ಎದ್ದು, ಅವರ ತೋಳು ಹಿಡಿದು ಕಾರಿನವರೆಗೆ ನಡೆಸಿಕೊಂಡು ಹೋದ.