ಕರೆಂಟ್ ಹೋದಾಗ ಕಟ್ಟಿಸಿದ ಪುಟಗಳು

ಬನಹಟ್ಟಿಯ ನಮ್ಮ ಓಣಿಯಲ್ಲಿ ಕರೆಂಟ್ ಹೋದರೆ ಯಾರೂ ಮಗ್ಗದ ಸ್ವಿಚ್ ಆರಿಸುತ್ತಿರಲಿಲ್ಲ. ಮಗ್ಗ ತಾನಾಗಿ ಬಡಿದುಕೊಂಡರೆ ಕರೆಂಟ್ ಬಂತೆಂದು ತಿಳಿಯುತ್ತಿತ್ತು. ಹಿತ್ತಲಲ್ಲಿದ್ದವರೂ ಓಡಿಬರುತ್ತಿದ್ದರು.

ನನ್ನ ಕಂಪ್ಯೂಟರ್ ಮಾತ್ರ ಬ್ಯಾಟರಿಯ ಮೇಲೆ ನಡೆಯುತ್ತಿತ್ತು. ಮಗ್ಗಗಳಿಗೆ ಸೀರೆಯಂಚಿನ ಚಿತ್ತಾರ ಕಳಿಸಿ ಅವನ್ನು ಶುರುಮಾಡುವ ಸಾಫ್ಟ್‌ವೇರನ್ನು ಜಮಖಂಡಿಯ ಒಂದು ಸಣ್ಣ ಆಫೀಸಿಗಾಗಿ ಮನೆಯಲ್ಲೇ ಕೂತು ಬರೆಯುತ್ತಿದ್ದೆ. ಬೇರೆ ಪ್ರೋಗ್ರಾಮರುಗಳು ಅದನ್ನು ಬಳಸಬೇಕಾದರೆ ಅದರೊಳಗಿನ ಯಾವ ಫಂಕ್ಷನ್, ಅಂದರೆ ಒಂದೊಂದು ಕೆಲಸ ಮಾಡಿಸುವ ಆಜ್ಞೆಗಳ ತುಂಡು, ಏನು ಮಾಡುತ್ತದೆಂದು ತಿಳಿಯಬೇಕು. ಅದಕ್ಕೆ ಪ್ರತಿ ಫಂಕ್ಷನ್ನಿನ ತಲೆಯ ಮೇಲೆ ಒಂದೆರಡು ಸಾಲು ಬರೆದಿಡುತ್ತಿದ್ದೆ. ಆ ಸಾಲುಗಳನ್ನೆಲ್ಲ ಹೆಕ್ಕಿ ಪುಟ ಕಟ್ಟುವ ಇನ್ನೊಂದು ಪ್ರೋಗ್ರಾಂ ಇತ್ತು.

ಆ ಮಧ್ಯಾಹ್ನ ಕರೆಂಟ್ ಹೋಗಿ, ಓಣಿ ಹಿನ್ನೀರಿನಲ್ಲಿ ಮುಳುಗಿದಂತೆ ಸುಮ್ಮನಾಯಿತು. ಬೆಳಕಿಂಡಿಯ ಬಿಸಿಲಿನಲ್ಲಿ ಹತ್ತಿಯ ಧೂಳು ತೇಲುತ್ತಿತ್ತು. ವೈನಿ, ಅಂದರೆ ಅಣ್ಣನ ಹೆಂಡತಿ, ಮಗ್ಗದ ಪಕ್ಕ ಬಗ್ಗಿ ಹರಿದ ಎಳೆಗಳಿಗೆ ಗಂಟು ಹಾಕುತ್ತಿದ್ದರು. ನನ್ನ ಪರದೆಯ ಮೇಲೆ ಫಂಕ್ಷನ್ನುಗಳ ಹೆಸರುಗಳು ಒಂದರ ಹಿಂದೊಂದು ಮೇಲೇರಿ ಮಾಯವಾಗುತ್ತಿದ್ದವು.

“ಏನ್ರೀ ಸಾಹೇಬ್ರ, ನಿಮ್ಮ ಡಬ್ಬಿ ಏನ್ ಮಾಡಾಕತ್ತೈತಿ?”

“ನಾ ಬರದದ್ದು ಓದಿ ಪುಸ್ತಕ ಮಾಡಾಕತ್ತೈತಿ, ವೈನಿ.”

“ಓದೂದೂ ಅದ, ಬರಿಯೂದೂ ಅದ. ನೀವ್ ಬರೇ ಆಕಳಿಸಾಕ ಪಗಾರ ತಗೋತೀರೇನ್ರಿ?”

ನಕ್ಕೆ. ನಿಜಕ್ಕೂ ಕಣ್ಣು ಎಳೆಯುತ್ತಿತ್ತು. ಆಗ ಕರೆಂಟ್ ಬಂತು. ಇಡೀ ಓಣಿ ಒಮ್ಮೆಲೇ ಗುಡುಗಿತು. ವೈನಿಯ ಜಡೆ ಮೋಟಾರಿನ ಬೆಲ್ಟಿಗೆ ಸಿಕ್ಕು, ತಲೆ ಚಕ್ರದ ಕಡೆಗೆ ವಾಲಿತು. ನಾನು ಎದ್ದೆನೋ ಇಲ್ಲವೋ ಇಂದಿಗೂ ಗೊತ್ತಿಲ್ಲ. ನೆನಪಿನಲ್ಲಿ ಪ್ರತಿ ಸಲ ನನ್ನ ಕುರ್ಚಿ ಬೇರೆ ಜಾಗದಲ್ಲಿರುತ್ತದೆ. ಒಂದು ಕೈಯಲ್ಲಿ ಜಡೆಯ ಬುಡ ಬಿಗಿಹಿಡಿದು, ಇನ್ನೊಂದು ಕೈ ಚಾಚಿ ವೈನಿಯೇ ಸ್ವಿಚ್ ಆರಿಸಿದರು. ಹಿತ್ತಲಿಂದ ಓಡಿಬಂದ ಅಣ್ಣ ನೂಲಿನ ಕತ್ತರಿ ತೆಗೆದುಕೊಂಡ. ಜಡೆಯನ್ನು ಕಿವಿಯ ಹತ್ತಿರವೇ ಕತ್ತರಿಸತೊಡಗಿದ.

“ಸಾವಕಾಶ್ರೀ, ಕಿವಿ ಅಷ್ಟ ಬಿಡ್ರಿ,” ಎಂದರು ವೈನಿ.

ಕಂಪ್ಯೂಟರ್ ನಿಂತಿರಲಿಲ್ಲ. ಪುಟಗಳೆಲ್ಲ ಸಿದ್ಧವಾಗಿ, ದೋಷವೇನೂ ಇಲ್ಲವೆಂದು ಪರದೆ ಹೇಳುತ್ತಿತ್ತು. ಮಗ್ಗ ಶುರುಮಾಡುವ ಫಂಕ್ಷನ್ನಿನ ಪುಟ ತೆರೆದೆ. ಇಂಗ್ಲಿಷಿನಲ್ಲಿ ಒಂದೇ ಸಾಲು: ಮಗ್ಗವನ್ನು ಚಾಲೂ ಮಾಡುತ್ತದೆ. ಫಂಕ್ಷನ್ನಿನ ತಲೆಯ ಮೇಲೆ ನಾನು ಬರೆದಿಟ್ಟಿದ್ದ ಆ ಸಾಲಿನ ಮುಂದೆ ಸೇರಿಸಿದೆ: ಹತ್ತಿರ ಯಾರೂ ಇಲ್ಲವೆಂದು ನೋಡಿದ ಮೇಲೆ ಮಾತ್ರ ಬಳಸಿ.

ಇನ್ನು ಪುಟಗಳನ್ನು ಮತ್ತೆ ಕಟ್ಟಿಸಬೇಕಿತ್ತು. ಎಂಟರ್ ಒತ್ತಿದರೆ ನಮ್ಮ ಮಗ್ಗಕ್ಕೆ ಏನೂ ಆಗದು, ನಡುವೆ ಒಂದು ತಂತಿಯೂ ಇರಲಿಲ್ಲ. ಆದರೂ ವೈನಿ ಬೆಲ್ಟಿಗೆ ಸುತ್ತಿದ ಕೂದಲನ್ನೆಲ್ಲ ಬಿಡಿಸಿಕೊಂಡು, ಎದ್ದು ಒಳಗೆ ಹೋಗುವವರೆಗೆ ನನ್ನ ಬೆರಳು ಕೆಳಗಿಳಿಯಲಿಲ್ಲ.